ಕೈಯಲ್ಲಿದ್ದರೆ ಬಾಯಲ್ಲಿ

ದನದ ಆಸ್ಪತ್ರೆಯಲ್ಲಿ ಸಹಾಯಕಿಯ ಕೆಲಸ ಖಾಲಿಯಿತ್ತು. ಡಾಕ್ಟರಮ್ಮ ಹೊರರಾಜ್ಯದವರಾದ್ದರಿಂದ ಸಂದರ್ಶನವೆಲ್ಲ ಇಂಗ್ಲಿಷಿನಲ್ಲಿ. ಸೊಸೆಗೆ ಆ ಕೆಲಸ ಸಿಗಲೇಬೇಕೆಂದು ಅವಳಿಗಿಂತ ಅತ್ತೆಗೇ ಹೆಚ್ಚು ಆಸೆ.

ಪಕ್ಕದ ಮನೆಯ ಮೇಷ್ಟ್ರು ಪಾಠ ಶುರುಮಾಡಿದರು. "'ಐ ಹ್ಯಾವ್' ಅಂತ ಹೇಳಮ್ಮ. ನಾವು 'ಮಾಡಿದೀನಿ' ಅಂತೀವಲ್ಲ, ಹಾಗೆ. ಯಾವತ್ತು ಮಾಡಿದೆ ಅನ್ನೋದು ಬೇಕಿಲ್ಲ. ಕೆಲಸ ಮುಗಿದಿರುತ್ತೆ, ಅದರ ಪಳಗಿಕೆ ಮಾತ್ರ ಕೈಯಲ್ಲೇ ಇರುತ್ತೆ."

ಸೊಸೆ ಆ ಮಾತನ್ನು ಹಾಗೇ ನಂಬಿದಳು. ಕೈಯಲ್ಲಿಲ್ಲದ್ದನ್ನು ಬಾಯಿಗೆ ತರಲೊಲ್ಲಳು. ಗೊರಸು ಕತ್ತರಿಸಿದೀನಿ ಅನ್ನುವ ವಾಕ್ಯ ಕಲಿಯುವ ಮೊದಲು ಮುದಿ ಎತ್ತಿನ ಗೊರಸು ಕತ್ತರಿಸಿ ಬಂದಳು. ಕರುವಿಗೆ ಔಷಧಿ ಕುಡಿಸಿ, ಅರ್ಧ ಮೈಮೇಲೆ ಚೆಲ್ಲಿಕೊಂಡು ಬಂದು, "ಐ ಹ್ಯಾವ್ ಗಿವನ್ ಮೆಡಿಸಿನ್" ಎಂದಳು.

"ಯಾರಿಗೆ ಕುಡಿಸಿದ್ದೇ, ಕರುಗೋ ನಿನಗೋ?" ಎಂದು ಅತ್ತೆ ಛೇಡಿಸಿದಳು. ಒಳಗೊಳಗೇ ಹಿಗ್ಗಿದಳು. ಇಂಥ ಹಟಮಾರಿಯನ್ನು ಅವಳು ಕಂಡಿರಲಿಲ್ಲ.

ಆಸ್ಪತ್ರೆಯ ಕೆಲಸಕ್ಕೆ ಬೇಕಾದದ್ದರಲ್ಲಿ ಉಳಿದದ್ದು ಒಂದೇ, ಸಿಕ್ಕಿಕೊಂಡ ಕರುವನ್ನು ಎಳೆದು ಹೆರಿಗೆ ಮಾಡಿಸುವುದು. ಅದು ಬೇಕೆಂದಾಗ ಬರುವಂಥದ್ದಲ್ಲ.

"ಮಾಡಿದೀನಿ ಅಂದ್ಬಿಡೇ," ಎಂದಳು ಅತ್ತೆ, ಸಂದರ್ಶನಕ್ಕೆ ಹೋಗುವ ದಾರಿಯಲ್ಲಿ. "ಕರು ಬಂದು ಸಾಕ್ಷಿ ಹೇಳುತ್ತಾ?"

"ನೀವು ಎಳೆಯೋವಾಗ ದೀಪ ಹಿಡಿದಿದೀನಿ ಅತ್ತೆ. ನನ್ನದು ಅಷ್ಟೇ."

"ದೀಪ ಹಿಡಿದವಳಿಗೆ ಯಾರೇ ಸಂಬಳ ಕೊಡ್ತಾರೆ?"

ಆಸ್ಪತ್ರೆಯ ಕಿಟಕಿಯ ಹೊರಗಿನ ಬೆಂಚಿನಲ್ಲಿ ಅತ್ತೆ ಮೈಯೆಲ್ಲ ಕಿವಿಯಾಗಿ ಕುಳಿತಳು. ಒಳಗಿನಿಂದ 'ಐ ಹ್ಯಾವ್' ಮೇಲಿಂದ ಮೇಲೆ ಬಂತು. ಆಮೇಲೆ ಡಾಕ್ಟರಮ್ಮನ ಬಾಯಲ್ಲಿ 'ಕಾಫ್'. ಹಾಗೆಂದರೆ ಕರು ಎಂದು ಮನೆಯಲ್ಲಿ ಕೇಳಿ ಕೇಳಿ ಅತ್ತೆಗೂ ಗೊತ್ತಿತ್ತು. ಹಿಂದೆಯೇ ಸೊಸೆಯ ದನಿ ಕೇಳಿತು.

"ಐ ಹ್ಯಾವ್ ನಾಟ್. ಐ ಹ್ಯಾವ್ ಹೆಲ್ಡ್ ದ ಲ್ಯಾಂಪ್."

ಅತ್ತೆ ಹಣೆ ಚಚ್ಚಿಕೊಂಡಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಡಾಕ್ಟರಮ್ಮ ಎದ್ದು ಹೊರಬಂದರು, ಹಿಂದೆಯೇ ಸೊಸೆ. ಹಿತ್ತಿಲ ಕತ್ತಲ ಕೊಟ್ಟಿಗೆಯಲ್ಲಿ ಹಸುವೊಂದು ಬೆಳಗಿನಿಂದ ನೋವು ತಿನ್ನುತ್ತಿತ್ತು. ಡಾಕ್ಟರಮ್ಮ ಅತ್ತೆಯನ್ನೂ ಕೈಸನ್ನೆಯಲ್ಲಿ ಕರೆದು ಅವಳಿಗೆ ಟಾರ್ಚು ಕೊಟ್ಟರು. ತಾವೇ ಕೈಹಾಕಿ ಕರುವಿನ ಕಾಲು ನೆಟ್ಟಗೆ ಮಾಡಿ, ಅದಕ್ಕೆ ಹಗ್ಗ ಬಿಗಿದು, ತುದಿಯನ್ನು ಸೊಸೆಯ ಕೈಗಿತ್ತರು.

ಹಸು ತಿಣುಕಿದಾಗ ಎಳೆದಳು, ಸುಮ್ಮನಾದಾಗ ಕಾದಳು. ಯಾರೂ ಹೇಳಿಕೊಟ್ಟದ್ದಲ್ಲ. ದೀಪ ಹಿಡಿದು ನಿಂತಾಗ ನೋಡಿ ಕಲಿತದ್ದೆಂದು ಅತ್ತೆಗೆ ಈಗ ಹೊಳೆಯಿತು. ಟಾರ್ಚು ಅಲುಗದಂತೆ ಎರಡೂ ಕೈಯಲ್ಲಿ ಹಿಡಿದಳು.

ಕರು ಹುಲ್ಲಿನ ಮೇಲೆ ಜಾರಿತು, ಸೀನಿತು. ಸೊಸೆ ಮೊಣಕೈವರೆಗೆ ಒದ್ದೆಯಾಗಿದ್ದಳು.

"ಐ ಹ್ಯಾವ್ ಪುಲ್ಡ್ ಎ ಕಾಫ್," ಎಂದಳು.

ಡಾಕ್ಟರಮ್ಮ ನಗುತ್ತಾ ಏನೋ ಹೇಳಿ ಕೈ ತೊಳೆಯಲು ಹೋದರು.

"ಏನಂದ್ರೇ?"

"ನಾಳೆಯಿಂದ ಕೆಲಸಕ್ಕೆ ಬಾ ಅಂದ್ರು."

ಅತ್ತೆ ಟಾರ್ಚು ಆರಿಸಲಿಲ್ಲ. "ಆ ದೀಪದ ಮಾತು ನಂಗೂ ಹೇಳ್ಕೊಡೇ," ಎಂದಳು. "ಇವತ್ತಿಂದ ಅದು ನಂದು."