ಹಿಮದ ಲಾರಿಗೆ ನಾಮಕರಣ

ನಮ್ಮ ಎಲ್ಡನ್ ಫಾಲ್ಸ್ ಪುರಸಭೆಗೆ ಜನರ ಮಾತು ಕೇಳುವ ಹುಚ್ಚು ಹಿಡಿದದ್ದು ಹೊಸ ವೆಬ್‌ಸೈಟು ಬಂದ ಮೇಲೆ. ಹಿಂದೆಲ್ಲ ಸಭೆಯಲ್ಲಿ ಮೈಕಿನ ಮುಂದೆ ನಿಂತು ಯಾರು ಬೇಕಾದರೂ ಮೂರು ನಿಮಿಷ ಮೇಯರನ್ನು ಬೈಯಬಹುದಿತ್ತು. ಈಗ ಮೈಕು ಕಪಾಟು ಸೇರಿದೆ. ಬೈಗುಳವನ್ನು ವೆಬ್‌ಸೈಟಿನಲ್ಲಿ ಬರೆಯಬೇಕು. ಬರೆದು ಕಳಿಸಿದರೆ ಪರದೆಯ ತುಂಬ ಬಣ್ಣದ ಕಾಗದದ ಚೂರು ಉದುರಿ, 'ಪಾಲ್ಗೊಂಡಿದ್ದಕ್ಕೆ ಧನ್ಯವಾದ' ಎಂದು ಬರುತ್ತದೆ.

ನನ್ನ ನೆರೆಯಾಕೆ ವಿಲ್ಲಾ ಡೊಂಬ್ರೊವ್ಸ್ಕಿ ಶಾಲೆಯ ಅಡುಗೆಮನೆಯಲ್ಲಿ ದುಡಿದು ನಿವೃತ್ತಳಾದವಳು. ವಾರಕ್ಕೆ ಮೂರು ದಿನ ಡಯಾಲಿಸಿಸ್‌ಗೆ ಹೋಗುತ್ತಿದ್ದದ್ದು ಊರಿಗಿದ್ದ ಒಂದೇ ಬಸ್ಸಿನಲ್ಲಿ. ಅದನ್ನು ನಿಲ್ಲಿಸುವ ಮುಂಚೆ ಪುರಸಭೆ ವೆಬ್‌ಸೈಟಿನಲ್ಲಿ ಜನಾಭಿಪ್ರಾಯ ಕೇಳಿತು: ಬಸ್ಸು ಯಾವ ತಿಂಗಳಲ್ಲಿ ನಿಲ್ಲಬೇಕು? ನವೆಂಬರ್, ಡಿಸೆಂಬರ್, ಜನವರಿ. ನಿಲ್ಲಲೇಬಾರದು ಎನ್ನುವವರಿಗೆ ಒತ್ತಲು ಗುಂಡಿ ಇರಲಿಲ್ಲ. ಡಿಸೆಂಬರ್ ಗೆದ್ದಿತು.

ಆಮೇಲೆ ಪಾದ್ರಿಯ ಕಾರು, ನನ್ನ ಕಾರು, ಯಾರದೋ ಕಾರು. ಯಾರೂ ಸಿಗದೆ ಒಂದು ದಿನ ತಪ್ಪಿ, ವಿಲ್ಲಾಳ ಕಾಲು ಊದಿತು. ಊದಿದ ಕಾಲಿನಲ್ಲೇ ಸಭೆಗೆ ಬಂದಳು.

"ವೆಬ್‌ಸೈಟಲ್ಲಿ ಹಾಕಿ ತಾಯಿ, ಅಲ್ಲಿ ನಾವು ಹಗಲೂ ರಾತ್ರಿ ಕೇಳಿಸ್ಕೊಳ್ತಾ ಇರ್ತೀವಿ" ಎಂದ ಮೇಯರ್ ಹಾಲ್ವರ್ಸನ್.

"ಹಾಕ್ದೆ ಕಣಪ್ಪಾ. ಬಣ್ಣದ ಕಾಗದ ಉದುರ್ತು. ಅದನ್ನ ಹತ್ಕೊಂಡು ಆಸ್ಪತ್ರೆಗೆ ಹೋಗ್ಲಾ?"

ಜನವರಿಯಲ್ಲಿ ಸ್ಪರ್ಧೆ ಬಂತು. ರಸ್ತೆಯ ಹಿಮ ತಳ್ಳುವ ಹೊಸ ಲಾರಿಗೆ ಹೆಸರಿಡುವುದು. ಗೆದ್ದ ಹೆಸರನ್ನು ಲಾರಿಯ ಮೇಲೇ ಬರೆಸುವುದಾಗಿ ಮೇಯರನ ವಾಗ್ದಾನ. ಬಜೆಟ್ಟಿನ ಬಗ್ಗೆ ತುಟಿ ಬಿಚ್ಚದ ಊರು ಇದಕ್ಕೆ ಮುಗಿಬಿದ್ದಿತು. ಇಂಥ ವಿಷಯಗಳಲ್ಲಿ ನಮ್ಮಷ್ಟು ಜಾಗೃತ ಪ್ರಜೆಗಳು ಇನ್ನೆಲ್ಲೂ ಸಿಗಲಾರರು.

ವಿಲ್ಲಾ ಕಳಿಸಿದ ಹೆಸರು: 'ಹಾಲ್ವರ್ಸನ್, ನನ್ನ ಬಸ್ಸೆಲ್ಲಿ?' ಜನ್ಮದಲ್ಲಿ ಬಸ್ಸು ಹತ್ತದವರಿಗೂ ತಮಾಷೆ ಎನಿಸಿತು. ಒತ್ತಿದರು. ಗೆದ್ದಿತು.

ರದ್ದು ಮಾಡಿದರೆ ವೆಬ್‌ಸೈಟೇ ಬೂಟಾಟಿಕೆ ಎಂದು ಒಪ್ಪಿಕೊಂಡಂತೆ. ಹಾಗಾಗಿ ದಪ್ಪ ಹಳದಿ ಅಕ್ಷರದಲ್ಲಿ ಬರೆಸಲೇಬೇಕಾಯಿತು. ಆ ವರ್ಷ ಹಿಮವೂ ಧಾರಾಳವಾಗಿ ಬಿತ್ತು. ಮೇಯರನ ಮನೆಯ ಮುಂದೆ ದಿನಾ ಬೆಳಗ್ಗೆ ಲಾರಿ ಗುಡುಗುತ್ತ ಸಾಗುತ್ತಿತ್ತು. ಕಾಫಿ ಹಿಡಿದು ಕಿಟಕಿಯಲ್ಲಿ ನಿಂತ ಹೆಂಡತಿಯೇ ಕೇಳಿದಳಂತೆ: "ಅಲ್ರೀ, ನಿಜವಾಗ್ಲೂ ಆ ಬಸ್ಸು ಎಲ್ಲಿ?"

ಫೆಬ್ರವರಿಯಲ್ಲಿ ಬಸ್ಸು ಮರಳಿತು, ವಾರಕ್ಕೆ ಎರಡು ದಿನ. 'ಜನಾಭಿಪ್ರಾಯದ ವಿಜಯ' ಎಂದು ವೆಬ್‌ಸೈಟು ಸಾರಿತು. ಕಾಗದದ ಚೂರು ಮತ್ತೆ ಉದುರಿತು.

"ಮೂರನೇ ದಿನಕ್ಕೆ ಏನ್ಮಾಡ್ತೀಯ?" ಎಂದು ಕೇಳಿದೆ.

"ಕಸದ ಲಾರಿನೂ ಹೊಸದು ತರ್ತಾರಂತೆ" ಎಂದಳು ವಿಲ್ಲಾ. "ಅದಕ್ಕೂ ಹೆಸರಿಡೋಕೆ ಕರೀಲಿ ಅಂತ ಕಾಯ್ತಿದೀನಿ."