ಏನಂದೆ, ಕೇಳಮ್ಮ

ಮೇಡಂ ಅವರ ಮುತ್ತಜ್ಜ ಡಂಗುರ ಸಾರುತ್ತಿದ್ದವರು. ಗಂಟಲು ತೆಗೆದರೆ ಬೀದಿಯಾಚೆ ತೊಟ್ಟಿಲಲ್ಲಿದ್ದ ಕೂಸು ಬೆಚ್ಚಿ ಏಳುತ್ತಿತ್ತಂತೆ. ಆದರೆ ಮನೆತನಕ್ಕೆ ಹೆಸರು ತಂದದ್ದು ಆ ಗಂಟಲಲ್ಲ, ಕಿವಿ. ಒಮ್ಮೆ ಊರ ಮೇಲಿನ ಕೆರೆಯ ಕಟ್ಟೆ ಬಾಯಿಬಿಟ್ಟಿತು. "ಕಟ್ಟೆ ಒಡೀತು!" ಎಂದು ಕೂಗುತ್ತ ಕೆಳಬೀದಿಯ ಉದ್ದಕ್ಕೂ ಓಡಿದವರು, ಒಂದು ಮನೆಯವರೂ ಹೊರಗೆ ಬಾರದ್ದನ್ನು ಕಂಡು ಗಕ್ಕನೆ ನಿಂತು, ಬಾಗಿಲಲ್ಲಿ ಕೂತಿದ್ದ ಮುದುಕಿಯನ್ನು ಕೇಳಿದರು: "ನಾನೇನಂದೆ, ಹೇಳವ್ವ?"

"ಸಂತೆ ಕಟ್ಟೆ ಒಡೀತು ಅಂದೆ. ಒಡೀಲಿ ಬಿಡು, ಗಾರೆಯವನಿಗೂ ಕೆಲಸ ಬೇಡ್ವಾ?"

ಅಲ್ಲೇ ಮಾತು ಬದಲಾಯಿತು: "ಕೆರೆನೀರು ಬಂತು, ದಿಬ್ಬ ಹತ್ತಿ!" ಬೀದಿಗೆ ಬೀದಿಯೇ ಉಳಿಯಿತು.

ಮೇಡಂ ಅವರ ತಾಯಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿದ್ದರು. ಕೇಳಿದ ನಂಬರನ್ನು ಕೇಳಿದವರಿಗೇ ತಿರುಗಿ ಒಪ್ಪಿಸಿ "ಸರಿಯಾ?" ಎನ್ನದೆ ತಂತಿ ಜೋಡಿಸಿದವರಲ್ಲ. ಮನೆಯಲ್ಲೂ ಅದೇ ಚಾಳಿ. "ಅರ್ಧ ಲೋಟ ಕಾಫಿ, ಸಕ್ಕರೆ ಬೇಡ, ಸರಿಯಾ?" ಎಂದರೆ ಗಂಡ ಹಣೆ ಚಚ್ಚಿಕೊಳ್ಳುತ್ತಿದ್ದರು: "ಇದೇನು ಮನೆಯೋ, ಎಕ್ಸ್‌ಚೇಂಜೋ, ಮಹರಾಯ್ತಿ?"

ಅಂಥ ಬಳ್ಳಿಯ ಕಾಯಿ ಈ ಮೇಡಂ. ಕಾಲೇಜಿನಲ್ಲಿ ಸಂವಹನ ಕಲಿಸುತ್ತಾರೆ. ಕಿವಿಯನ್ನು ಮುಂದೆ ಕಳಿಸಿ ತಾವು ಅದರ ಬೆನ್ನಿಗೆ ಹೊರಟವರಂತೆ, ತಲೆಯನ್ನು ತುಸು ಎಡಕ್ಕೆ ವಾಲಿಸಿ ನಡೆಯುತ್ತಾರೆ. ಬೇಸಿಗೆಯಲ್ಲೂ ಬಿಡದ ಇಟ್ಟಿಗೆ ಬಣ್ಣದ ಸ್ವೆಟರಿನ ಜೇಬಲ್ಲಿ ಸೀಮೆಸುಣ್ಣದ ಚೂರು; ಯೋಚನೆ ಹತ್ತಿದಾಗ ಅದನ್ನು ಬೆರಳಲ್ಲಿ ಪುಡಿಮಾಡುತ್ತ ನಿಲ್ಲುವುದರಿಂದ ಜೇಬು ಸದಾ ಬೆಳ್ಳಗೆ. ತರಗತಿಯಲ್ಲಿ ಒಬ್ಬರು ಬಾಯಿ ತೆರೆದರೆ ಅವರು ನೋಡುವುದು ಪಕ್ಕದವರ ಮುಖವನ್ನು. ಚರ್ಚಾಸ್ಪರ್ಧೆಗಳಲ್ಲಿ ಕಪ್ ಗೆದ್ದು ಬೀಗಿದ್ದ ಹುಡುಗನೊಬ್ಬ ಮೊದಲ ದಿನವೇ ಅರಳು ಹುರಿದಂತೆ ಮಾತಾಡಿ ಕೂತ. ಮೇಡಂ ಪಕ್ಕದ ಬೆಂಚಿನವಳತ್ತ ತಿರುಗಿದರು.

"ಏನಂದ ಇವನು, ಹೇಳಮ್ಮ?"

"ಚೆನ್ನಾಗಿ ಹೇಳಿದ, ಮೇಡಂ."

"ಅದೇ, ಏನು?"

"ಅದೇ... ಚೆನ್ನಾಗಿ."

ತರಗತಿ ಗೊಳ್ಳೆಂದಿತು. "ನಗಬೇಡಿ," ಎಂದರು ಮೇಡಂ. "ಇವಳ ಕಿವಿ ಸರಿಯಾಗೇ ಇದೆ. ಹೋಗಪ್ಪ, ಇನ್ನೊಂದು ಸಲ ಹೇಳು. ಈ ಸಲ ಇವಳಿಗೆ ಹೇಳು." ಯಾರೇ ಮಾತು ಮುಗಿಸಿದರೂ "ಏನಂದೆ, ಕೇಳಮ್ಮ" ಎಂದು ಅವರಿಂದಲೇ ಎದುರಿನವರನ್ನು ಕೇಳಿಸುವ ಈ ಪಾಠಕ್ಕಾಗಿ ಹುಡುಗರು ಅವರಿಗೆ ಕೇಳಮ್ಮ ಎಂದೇ ಹೆಸರಿಟ್ಟರು. ಅದು ಅವರ ಕಿವಿಗೂ ಬಿದ್ದಿದೆ. ಅವರ ಕಿವಿಗೆ ಬೀಳದ್ದು ಏನಿದೆ? ಹಾಗೆಂದು ಅವರು ಯಂತ್ರಗಳ ವೈರಿಯಲ್ಲ. "ಕ್ಯಾಮೆರಾ ಕಲೀರಿ, ಎಡಿಟಿಂಗ್ ಕಲೀರಿ. ಆದ್ರೆ ನಿಮ್ಮ ಮಾತು ಯಾರ ಮನೆಗೆ ಹೋಯ್ತು, ಅಲ್ಲಿ ಏನಾಗಿ ಇಳೀತು ಅಂತ ನೋಡ್ಕೊಂಡು ಬರೋದನ್ನ ಮೊದಲು ಕಲೀರಿ," ಎನ್ನುತ್ತಾರೆ.

ಆ ಪಾಠಕ್ಕೇ ಈ ವರ್ಷ ಕುತ್ತು ಬಂತು. ಪಠ್ಯ ಪರಿಷ್ಕರಿಸುವ ಸಭೆಯಲ್ಲಿ ಹೊಸ ವಿಷಯಗಳಿಗೆ ಜಾಗ ಬೇಕಿತ್ತು. ಮೇಡಂ ಕಟ್ಟಿ ಬೆಳೆಸಿದ 'ಕೇಳುವ ಕಲೆ'ಯತ್ತ ಎಲ್ಲರ ಕಣ್ಣು ಹೊರಳಿತು. ಅದು ಯಾಕೆ ಬೇಕೆಂದು ಮೇಡಂ ವಿವರಿಸಿ ಹೇಳಿದರು. "ಕಿವಿ ಇದ್ದೋರೆಲ್ಲ ಕೇಳ್ತಾರೆ, ಅದಕ್ಕೊಂದು ಪೇಪರ್ ಯಾಕಮ್ಮ?" ಎಂದು ನಕ್ಕರು ಪ್ರಾಂಶುಪಾಲರು. ಆಗ ಹೊರಗಿನಿಂದ ಬಂದಿದ್ದ ಜಾಹೀರಾತು ಕಂಪನಿಯ ಯಜಮಾನ ಕೈ ಎತ್ತಿದ: "ಅಯ್ಯೋ, ತೆಗೀಬೇಡಿ ಸಾರ್! ಪ್ರಶ್ನೆ ಕೇಳೋದು ಬರಲ್ಲ ಈಗಿನ ಹುಡುಗ್ರಿಗೆ. ಗಿರಾಕಿಯ ಬಾಯಿ ಬಿಡಿಸೋದನ್ನ ಕಲಿಸಲಿ, ಇದು ಇರ್ಲೇಬೇಕು." ಪ್ರಾಂಶುಪಾಲರ ಮುಖ ಅರಳಿತು. "ಓಹೋ, ಆ ಕೇಳೋದಾ! ಹಾಗಾದ್ರೆ ಇರಲಿ."

ಪ್ರಶ್ನೆ ಹಾಕುವುದಕ್ಕೂ ಕಿವಿಗೊಡುವುದಕ್ಕೂ ಒಂದೇ ಪದವಿಟ್ಟ ನಮ್ಮ ಭಾಷೆ ಮೇಡಂಗೆ ಕುಳಿತಲ್ಲೇ ಗೆಲುವು ತಂದಿತ್ತು. ಸುಮ್ಮನಿದ್ದರೆ ಪಾಠದ ಹೆಸರು ಉಳಿಯುತ್ತಿತ್ತು. ಅವರು ಜೇಬಿನ ಸೀಮೆಸುಣ್ಣವನ್ನು ಒಮ್ಮೆ ಹಿಸುಕಿ, ಏಳಲು ಹೊರಟರು. ಪಕ್ಕದಲ್ಲಿದ್ದ ವಿಭಾಗದ ಮುಖ್ಯಸ್ಥ ಅವರ ಹಳೆಯ ಶಿಷ್ಯನೇ. ಗಾಬರಿಯಾಗಿ ಅವರ ಸ್ವೆಟರಿನ ತೋಳು ಹಿಡಿದು ಪಿಸುಗುಟ್ಟಿದ: "ಮೇಡಂ, ಕೂತ್ಕೊಳ್ಳಿ. ಹಾಗೇ ಅಂದುಕೊಳ್ಳಲಿ. ಮಿಕ್ಕಿದ್ದು ನಾನು ಸಂಭಾಳಿಸ್ತೀನಿ."

ಹೇಳುವವರಿಗೆ ಲೋಕದಲ್ಲಿ ಎಂದೂ ಬರವಿಲ್ಲ. ಹೇಳಿದ ಮೇಲೆ ನಿಂತು, ಅದು ಎದುರಿನವರಲ್ಲಿ ಏನಾಯಿತೆಂದು ವಿಚಾರಿಸುವವರ ಕುಲ ಸಣ್ಣದು. ತಪ್ಪು ತಿಳಿವಳಿಕೆಯಿಂದ ದಕ್ಕಿದ ಗೆಲುವು ಅವರಿಗೆ ಎರವಲು ಒಡವೆಯಿದ್ದಂತೆ, ಎಷ್ಟು ಹೊಳೆದರೂ ತಮ್ಮದಲ್ಲ. ಊರು ಮಲಗಿದ್ದರೆ ಅಂಥವರು "ನಾನು ಕೂಗಿಯಾಯಿತು" ಎಂದು ಮನೆಗೆ ಹೋಗುವುದಿಲ್ಲ.

ಮೇಡಂ ಎದ್ದು ನಿಂತರು. ತೋಳಿನ ಮೇಲಿದ್ದ ಶಿಷ್ಯನ ಕೈಯನ್ನು ಮೆಲ್ಲಗೆ ತಟ್ಟಿ, ಸಭೆಗೆಲ್ಲ ಕೇಳುವಂತೆ ಹೇಳಿದರು:

"ಬೇಡಪ್ಪ, ಬಿಡು ಕೈ. ಇವರಿಗೆ ಕೇಳಿಸಿದ್ದು ನಾನು ಹೇಳಿದ್ದಲ್ಲ. ಇನ್ನೊಂದು ಸಲ ಹೇಳ್ತೀನಿ."