ಒಂದೇ ಹುಳ ಸಾಕೆಂದ ಭಾವ

ಡ್ರಾಯರ್ ಎಳೆದರೆ ಒಳಗೆ ಬರೀ ಸೂಜಿತೂತುಗಳು. ಹುಳದಮ್ಮ ಪಕ್ಕದ ಡ್ರಾಯರ್‌ಗಳನ್ನೂ ಎಳೆದೆಳೆದು ಹುಡುಕಿದಳು.

ವಸ್ತುಸಂಗ್ರಹಾಲಯದಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದೇ ಹಾಗೆ. ಕೀಟಗಳ ವಿಭಾಗ ಅವಳದು. ವರ್ಷಗಟ್ಟಲೆ ಕಾಡುಮೇಡು ಅಲೆದು, ಬಿದ್ದ ಮರಗಳ ತೊಗಟೆ ಕೆದಕಿ, ಆ ಕಾಡುಗಳಲ್ಲಷ್ಟೇ ಸಿಗುವ, ಸೊಂಡಿಲಿನಂಥ ಮೂತಿಯ ದೊಡ್ಡ ಮೂತಿಹುಳುಗಳನ್ನು ಆ ಡ್ರಾಯರ್‌ನಲ್ಲಿ ಸಾಲಾಗಿ ಚುಚ್ಚಿಟ್ಟಿದ್ದಳು. ಹೆಬ್ಬೆರಳು ಗಾತ್ರದವು, ಅದರ ಅರ್ಧವೂ ಇಲ್ಲದ ಪೀಚಲುಗಳು. ಆಗಷ್ಟೇ ಮರದಿಂದ ಹೊರಬಿದ್ದು ಮೈತುಂಬ ಬೂದಿಹಸಿರು ಹುಡಿ ಹೊದ್ದವು, ಹುಡಿಯೆಲ್ಲ ಸವೆದು ಇದ್ದಿಲಿನಂತಾದ ಮುದಿಹುಳುಗಳು. ಬೆಟ್ಟದ ಮೇಲಿನ ಕಂದುಹುಳುಗಳು, ತಗ್ಗಿನ ಬಿಳಿಗೆರೆಯವು. ಕಂಡವರು ಐದಾರು ಜಾತಿ ಎನ್ನಬೇಕು. ಎಲ್ಲ ಒಂದೇ ಜಾತಿ ಎಂಬುದು ಅವಳ ವಾದ. ಸಾಕ್ಷಿ ಆ ಸಾಲು, ಜೊತೆಗೆ ಯಾವುದು ಎಲ್ಲಿ ಸಿಕ್ಕಿತೆಂದು ಪ್ರತಿ ಸೂಜಿಯ ಬುಡದಲ್ಲಿದ್ದ ಚೀಟಿ.

ನಿರ್ದೇಶಕರು ಅವಳ ಅಕ್ಕನ ಗಂಡ. ಪಡಸಾಲೆಯಲ್ಲಿ ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದರು.

"ಭಾವ, ನನ್ನ ಹುಳುಗಳೆಲ್ಲಿ?"

"ಓ, ಅದಾ! ಎಲ್ಲ ಒಂದೇ ಹುಳ ಅಂತ ನೀನೇ ಅಂತೀಯ, ಅದಕ್ಕೆ ಡ್ರಾಯರ್ ತುಂಬಾ ಯಾಕಮ್ಮ? ಚೆನ್ನಾಗಿರೋದು ಒಂದನ್ನ ಪ್ರದರ್ಶನಕ್ಕಿಟ್ಟೆ. ಉಳಿದಿದ್ದನ್ನ ರಾಳದಲ್ಲಿ ಮುಳುಗಿಸಿ ಪೇಪರ್‌ವೇಟ್ ಮಾಡಿಸ್ದೆ. ಇವತ್ತು ಬರೋ ದಾನಿಗಳಿಗೆ ಕಾಣಿಕೆ."

"ಚೀಟಿಗಳು?"

"ಆ ಪುಡಿ ಕಾಗದಾನಾ? ಗುಡಿಸಿ ಹಾಕಿರ್ತಾರೆ."

ಅವಳಿಗೆ ಅಂಗಾಲಿನಿಂದ ನೆತ್ತಿಯವರೆಗೂ ಉರಿ ಹತ್ತಿತು. "ನಿಮ್ಮ ಮನೆ ಫೋಟೋದಲ್ಲಿ ನೀವೊಬ್ಬರೇ ಸಾಕು, ಎಲ್ಲರೂ ಮನುಷ್ಯರೇ ಅಲ್ವಾ ಅಂತ ಮಿಕ್ಕವರನ್ನ ಕತ್ತರಿಸಿ ಹಾಕಲಾ?"

"ಮೂಗಿನ ತುದೀಲೇ ಸಿಟ್ಟು ನಿಂಗೆ. ಮೂಗೂ ಆ ಹುಳದ್ದೇ!" ಎಂದು ಭಾವ ನಕ್ಕರು.

ಆ ನಗು ಕೇಳಿದ ಮೇಲೆ ಅವಳು ನಿಲ್ಲಲಿಲ್ಲ. ಸೀದಾ ಸಭಾಂಗಣಕ್ಕೆ ನುಗ್ಗಿ, ಮೇಜಿನ ಮೇಲಿನ ಬುಟ್ಟಿಯಲ್ಲಿದ್ದ ಹೂವನ್ನು ಸುರಿದು, ಕುರ್ಚಿಕುರ್ಚಿಯ ಮುಂದಿದ್ದ ರಾಳದ ಉಂಡೆಗಳನ್ನು ಅದಕ್ಕೆ ತುಂಬತೊಡಗಿದಳು. ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿದಳು. ಬಿಸಿ ರಾಳಕ್ಕೆ ಹುಡಿಯೆಲ್ಲ ಕರಗಿ ಹಸಿರಿನದೂ ಕಪ್ಪಾಗಿತ್ತು, ಕಂದಿನದೂ ಕಪ್ಪಾಗಿತ್ತು.

ಬಾಗಿಲಲ್ಲಿ ಅತಿಥಿಗಳಿಗೆ ಉಂಡೆ ಹಂಚುತ್ತಿದ್ದ ಅಕ್ಕ ಓಡಿಬಂದಳು. "ಬಿಡೇ, ಮರ್ಯಾದೆ ಹೋಗುತ್ತೆ."

"ಯಾರ ಮರ್ಯಾದೆ ಅಕ್ಕ? ನಾನು ಜ್ವರದಲ್ಲಿ ಬಿದ್ದಾಗ ಹುಳು ಕೆಡದ ಹಾಗೆ ನೋಡ್ಕೊಂಡವಳು ನೀನು. ಇದೆಲ್ಲಾ ನೀನೂ ನೋಡ್ಕೊಂಡು ಸುಮ್ನಿದ್ಯಾ?"

"ನಂಗೆ ಉಂಡೆ ಮಾತ್ರ ಕೊಟ್ರು ಕಣೇ. ಎಲ್ಲ ಕಪ್ಪಾಗಿತ್ತು, ನಿನ್ನವು ಅಂತ ಅವರೂ ಹೇಳ್ಲಿಲ್ಲ."

ಅಕ್ಕ ಬುಟ್ಟಿಯಲ್ಲಿದ್ದ ಉಂಡೆಗಳನ್ನು ನೋಡಿದಳು. ಗಂಡನತ್ತ ತಿರುಗಿಯೂ ನೋಡದೆ ಹತ್ತಿರದ ದಾನಿಯ ಮುಂದೆ ಕೈಚಾಚಿದಳು. "ಕ್ಷಮಿಸಿ, ವಾಪಸ್ ಕೊಡಿ. ಇದು ನಮ್ಮೆಜಮಾನ್ರ ಸ್ವತ್ತಲ್ಲ."

ಇಬ್ಬರೂ ಸೇರಿ ಒಂದನ್ನೂ ಬಿಡದೆ ಕಿತ್ತುಕೊಂಡರು. ಸಭೆ ಅರ್ಧಕ್ಕೇ ಮುರಿಯಿತು.

"ಮುಖಕ್ಕೆ ಮಸಿ ಬಳಿದ್ಯಲ್ಲ!" ಎಂದು ಭಾವ ಕೂಗಾಡಿದರು.

"ನಿಮ್ಮ ಹತ್ರ ಇರೋ ಡ್ರಾಯರ್ ಬೀಗದ ಕೈನೂ ಕೊಡಿ. ಇನ್ಮೇಲೆ ಅದು ನನ್ನ ಹತ್ರಾನೇ ಇರ್ಲಿ."

ಅವರು ಹೆಂಡತಿಯ ಮುಖ ನೋಡಿದರು. ಅಲ್ಲಿ ಆಸರೆ ಸಿಗಲಿಲ್ಲ. ಕೀಲಿಕೈಯನ್ನು ಮೇಜಿನ ಮೇಲೆ ಎಸೆದರು.

ಹುಳುಗಳು ಸಿಕ್ಕಿದ್ದವು ನಿಜ, ಊರುಕೇರಿ ತಿಳಿಯದ ಹೆಣಗಳಾಗಿ. ಅವಳ ವಾದಕ್ಕೆ ಅವುಗಳಿಂದ ಇನ್ನು ಉಪಯೋಗವಿರಲಿಲ್ಲ.

ಮಳೆಗಾಲ ಮುಗಿಯುತ್ತಲೇ ಅವಳು ಮತ್ತೆ ಕಾಡಿಗೆ ಹೋದಳು, ಈ ಸಲ ಅಕ್ಕನ ಜೊತೆ. ಕೊಳೆತ ದಿಮ್ಮಿಯೊಂದರಿಂದ ಹೊಸ ಹುಳವೊಂದು ಮೂತಿ ಹೊರಹಾಕಿ, ಹಸಿರು ಹುಡಿ ಉದುರಿಸುತ್ತ ತೆವಳಿ ಬಂತು. ಅಕ್ಕ ಬೆರಗಾಗಿ ಬಗ್ಗಿದಳು. ಹುಳದಮ್ಮ ಚೀಟಿ ಬರೆಯಲು ಕುಳಿತಳು. ಸಿಟ್ಟು ಇನ್ನೂ ಇಳಿದಿರಲಿಲ್ಲ; ಒತ್ತಿ ಬರೆದ ಪೆನ್ಸಿಲಿನ ಮೊನೆ ಮುರಿಯಿತು.